ಗೂಡು, ಗೊಂಬೆ, ಹಾಲು, ಮಾವು: ವ್ಯಾಪಾರದ ನಿರ್ಧಾರಕ್ಕೆ ಲೆಕ್ಕಪತ್ರ ಮಾಹಿತಿಯ ಆಧಾರ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು 2007ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂದಿತು. ಹೆಸರು ಬದಲಾದರೂ ಇಲ್ಲಿನ ಜೀವನಾಧಾರಗಳು ಬದಲಾಗಿಲ್ಲ. ರೇಷ್ಮೆ ಗೂಡು, ಅರಗಿನ ಬಣ್ಣದ ಮರದ ಗೊಂಬೆ, ಹಾಲು ಮತ್ತು ಮಾವು ಇಂದಿಗೂ ಸಾವಿರಾರು ಕುಟುಂಬಗಳ ಒಲೆಯನ್ನು ಉರಿಸುತ್ತಿವೆ.

ಈ ನಾಲ್ಕೂ ವ್ಯವಹಾರಗಳಲ್ಲಿ ಒಂದು ಸಮಾನ ಲಕ್ಷಣವಿದೆ. ಸರಕು ಹೆಚ್ಚು ಕಾಲ ಕಾಯುವುದಿಲ್ಲ, ಇಲ್ಲವೇ ಗಿರಾಕಿ ಕಾಯುವುದಿಲ್ಲ. ಕೊಳ್ಳಬೇಕೇ ಬಿಡಬೇಕೇ, ಯಾವ ದರಕ್ಕೆ ಒಪ್ಪಬೇಕು ಎಂಬುದನ್ನು ಕೆಲವೇ ನಿಮಿಷಗಳಲ್ಲಿ ತೀರ್ಮಾನಿಸಬೇಕಾಗುತ್ತದೆ. ಆ ನಿಮಿಷಗಳಲ್ಲಿ ವ್ಯಾಪಾರಿಯ ಕೈಯಲ್ಲಿ ಯಾವ ಮಾಹಿತಿ ಇರುತ್ತದೆ ಎಂಬುದೇ ಅವನ ಲಾಭ-ನಷ್ಟವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ವಾಣಿಜ್ಯ ಶಾಸ್ತ್ರದಲ್ಲಿ ಲೆಕ್ಕಪತ್ರ ಮಾಹಿತಿ ವ್ಯವಸ್ಥೆ ಎಂದು ಕರೆಯಲ್ಪಡುವ ವಿಷಯವನ್ನು ಈ ನಾಲ್ಕು ತಾಲ್ಲೂಕುಗಳ ವ್ಯವಹಾರಗಳ ಮೂಲಕವೇ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಏನಿದು ಲೆಕ್ಕಪತ್ರ ಮಾಹಿತಿ ವ್ಯವಸ್ಥೆ?

ಲೆಕ್ಕ ಬರೆಯುವುದು ನಮ್ಮ ನಾಡಿಗೆ ಹೊಸತಲ್ಲ. ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಗಟ್ಟಿಗೊಳಿಸಿದ ಬಟ್ಟೆಯ ಮಡಿಕೆಗಳಾದ ಕಡತಗಳ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಾಲವಿತ್ತು. ಅನಂತರ ಕಾಗದದ ಕಿರ್ದಿ ಮತ್ತು ಖಾತೆ ಪುಸ್ತಕಗಳು ಬಂದವು. ಇಂದು ಅದೇ ಕೆಲಸವನ್ನು ಗಣಕಯಂತ್ರವೂ ಮೊಬೈಲ್ ಫೋನೂ ಮಾಡುತ್ತಿವೆ. ದೇಶದ ಸಣ್ಣ ವ್ಯಾಪಾರಿಗಳಲ್ಲಿ ಮನೆಮಾತಾಗಿರುವ ಟ್ಯಾಲಿ ತಂತ್ರಾಂಶವು 1986ರಲ್ಲಿ ಆರಂಭವಾದ, ಇಂದು ಬೆಂಗಳೂರಿನಲ್ಲಿ ನೆಲೆಗೊಂಡಿರುವ ಸಂಸ್ಥೆಯೊಂದರ ಕೊಡುಗೆ.

ಆದರೆ ಲೆಕ್ಕ ಬರೆಯುವುದು ಬೇರೆ, ಲೆಕ್ಕಪತ್ರ ಮಾಹಿತಿ ವ್ಯವಸ್ಥೆ ಬೇರೆ. ವ್ಯವಸ್ಥೆ ಎನಿಸಿಕೊಳ್ಳಲು ನಾಲ್ಕು ಹಂತಗಳು ಅಗತ್ಯ. ವ್ಯವಹಾರ ನಡೆದ ಕೂಡಲೇ ಅದನ್ನು ದಾಖಲಿಸುವುದು ಮೊದಲನೆಯದು. ದಾಖಲೆಗಳನ್ನು ಸರಕು, ಗಿರಾಕಿ, ಖರ್ಚಿನ ಬಾಬ್ತು ಮುಂತಾಗಿ ವಿಂಗಡಿಸುವುದು ಎರಡನೆಯದು. ಬರೆದದ್ದು ನಿಜವೇ ಎಂದು ತಾಳೆ ನೋಡುವುದು ಮೂರನೆಯದು. ಅದರ ಸಾರವನ್ನು ನಿರ್ಧಾರ ಮಾಡುವವರಿಗೆ ಸಕಾಲದಲ್ಲಿ ಒದಗಿಸುವುದು ನಾಲ್ಕನೆಯದು. ನಮ್ಮಲ್ಲಿ ಬಹುತೇಕ ಸಣ್ಣ ಉದ್ದಿಮೆಗಳು ಮೊದಲನೆಯ ಹಂತದಲ್ಲಿಯೇ ನಿಲ್ಲುತ್ತವೆ. ತೆರಿಗೆ ಇಲಾಖೆಗೆ ಅಥವಾ ಬ್ಯಾಂಕ್ ಸಾಲಕ್ಕೆ ಬೇಕೆಂದು ವರ್ಷಕ್ಕೊಮ್ಮೆ ಸಿದ್ಧವಾಗುವ ಲೆಕ್ಕ, ಆಗಲೇ ಮುಗಿದುಹೋದ ವ್ಯವಹಾರದ ವರದಿಯಷ್ಟೇ. ನಿರ್ಧಾರಕ್ಕೆ ಮುಂಚೆ ತಲುಪುವ ಲೆಕ್ಕಕ್ಕೆ ಮಾತ್ರ ವ್ಯಾಪಾರದಲ್ಲಿ ನಿಜವಾದ ಬೆಲೆಯುಂಟು.

ರಾಮನಗರ: ಹರಾಜಿನ ಹೊತ್ತಿನ ಲೆಕ್ಕ

ಏಷ್ಯಾದಲ್ಲಿಯೇ ಅತಿ ದೊಡ್ಡದೆಂದು ಹೆಸರಾದ ರಾಮನಗರದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆ ರಾಜ್ಯದ ರೇಷ್ಮೆ ಇಲಾಖೆಯ ಅಧೀನದಲ್ಲಿದೆ. ಗೂಡಿನ ಮಾರಾಟವನ್ನು ನಿಯಂತ್ರಿಸಲು 1959ರಲ್ಲಿಯೇ ರಾಜ್ಯದಲ್ಲಿ ಕಾಯ್ದೆ ಬಂದಿತು. ಹಿಂದೆ ಬಹಿರಂಗವಾಗಿ ಕೂಗಿ ನಡೆಯುತ್ತಿದ್ದ ಹರಾಜು ಈಗ ವಿದ್ಯುನ್ಮಾನ ರೂಪ ಪಡೆದಿದೆ. ರೈತ ತಂದ ಪ್ರತಿ ಲಾಟಿಗೂ ಒಂದು ಸಂಖ್ಯೆ ಸಿಗುತ್ತದೆ, ರೀಲರುಗಳು ಮೊಬೈಲ್ ಮೂಲಕ ಬಿಡ್ ಸಲ್ಲಿಸುತ್ತಾರೆ, ವಿದ್ಯುನ್ಮಾನ ಯಂತ್ರದಲ್ಲಿ ತೂಕವಾಗುತ್ತದೆ ಮತ್ತು ಹಣ ರೈತರ ಬ್ಯಾಂಕ್ ಖಾತೆಗೆ ಸೇರುತ್ತದೆ. ಯಾವ ಲಾಟು ಎಷ್ಟು ತೂಗಿತು, ಯಾವ ದರಕ್ಕೆ ಹೋಯಿತು ಎಂಬ ಮಾಹಿತಿ ಅಂದೇ ದಾಖಲಾಗುತ್ತದೆ.

ಇದು ಮಾರುಕಟ್ಟೆಯ ಮಾಹಿತಿ. ರೀಲರಿಗೆ ಬೇಕಾದ ಇನ್ನೊಂದು ಮಾಹಿತಿ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ, ಅವರ ಫಿಲೇಚರಿನಲ್ಲಿಯೇ ಹುಟ್ಟಬೇಕು. ಅದೇ ರೆಂಡಿಟ್ಟಾ, ಅಂದರೆ 1 ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಬೇಕಾಗುವ ಗೂಡಿನ ತೂಕ. ಉತ್ತಮ ದ್ವಿತಳಿ ಗೂಡಿನಲ್ಲಿ ಇದು 6 ಕಿಲೋದ ಆಸುಪಾಸಿನಲ್ಲಿರುತ್ತದೆ. ಮಿಶ್ರತಳಿ ಗೂಡಿಗೆ 7, 8 ಅಥವಾ ಅದಕ್ಕೂ ಹೆಚ್ಚು ಬೇಕಾಗಬಹುದು. ತಳಿ, ಋತು, ಗೂಡಿನ ತೇವಾಂಶ, ಯಂತ್ರದ ಸ್ಥಿತಿ ಮತ್ತು ಕೆಲಸಗಾರರ ಕೈಚಳಕಕ್ಕೆ ಅನುಗುಣವಾಗಿ ಇದು ಬದಲಾಗುತ್ತದೆ.

ರೆಂಡಿಟ್ಟಾ ಎಷ್ಟು ನಿರ್ಣಾಯಕ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಗೂಡಿನ ದರ ಕಿಲೋಗೆ 500 ರೂ., ರೆಂಡಿಟ್ಟಾ 7 ಎಂದಿಟ್ಟುಕೊಂಡರೆ 1 ಕಿಲೋ ನೂಲಿಗೆ ಗೂಡಿನ ವೆಚ್ಚ 3,500 ರೂ. ಕೂಲಿ, ಸೌದೆ, ವಿದ್ಯುತ್, ಮಾರುಕಟ್ಟೆ ಶುಲ್ಕ, ಬಡ್ಡಿ ಎಲ್ಲ ಸೇರಿ 700 ರೂ. ಆಗಲಿ. ರೇಷ್ಮೆ ತ್ಯಾಜ್ಯ ಮತ್ತು ಗೂಡಿನೊಳಗಿನ ಹುಳುವಿನ ಮಾರಾಟದಿಂದ 250 ರೂ. ಮರಳಿ ಬರಲಿ. ಆಗ ನೂಲಿನ ಅಸಲು 3,950 ರೂ. ನೂಲು 4,100 ರೂ.ಗೆ ಮಾರಾಟವಾದರೆ ಕಿಲೋಗೆ 150 ರೂ. ಲಾಭ. ಈಗ ಉಳಿದೆಲ್ಲವೂ ಹಾಗೆಯೇ ಇದ್ದು ರೆಂಡಿಟ್ಟಾ ಮಾತ್ರ 7.5 ಆಯಿತೆನ್ನಿ. ಗೂಡಿನ ವೆಚ್ಚ 3,750 ರೂ.ಗೆ, ಅಸಲು 4,200 ರೂ.ಗೆ ಏರುತ್ತದೆ. ಲಾಭ ಹೋಗಿ ಕಿಲೋಗೆ 100 ರೂ. ನಷ್ಟ ಉಳಿಯುತ್ತದೆ. ಅರ್ಧ ಕಿಲೋ ಗೂಡಿನ ವ್ಯತ್ಯಾಸ ಇಡೀ ವ್ಯಾಪಾರವನ್ನೇ ತಿರುವುಮುರುವು ಮಾಡಬಲ್ಲದು.

ಇದೇ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡಿದರೆ ಹರಾಜಿನಲ್ಲಿ ಕೊಡಬಹುದಾದ ಗರಿಷ್ಠ ದರ ಸಿಗುತ್ತದೆ. ನೂಲಿನ ದರಕ್ಕೆ ಉಪ ಉತ್ಪನ್ನದ ಆದಾಯ ಕೂಡಿಸಿ, ತಯಾರಿಕಾ ವೆಚ್ಚವನ್ನೂ ಬಯಸುವ ಲಾಭವನ್ನೂ ಕಳೆದು, ಉಳಿದದ್ದನ್ನು ರೆಂಡಿಟ್ಟಾದಿಂದ ಭಾಗಿಸಬೇಕು. ಮೇಲಿನ ಉದಾಹರಣೆಯಲ್ಲಿ ಕಿಲೋಗೆ 150 ರೂ. ಲಾಭ ಬೇಕೆಂದರೆ ರೆಂಡಿಟ್ಟಾ 7 ಇರುವ ಗೂಡಿಗೆ 500 ರೂ.ವರೆಗೆ, 7.5 ಇರುವ ಗೂಡಿಗೆ ಸುಮಾರು 467 ರೂ.ವರೆಗೆ, 8 ಇರುವ ಗೂಡಿಗೆ 437 ರೂ. 50 ಪೈಸೆಯವರೆಗೆ ಮಾತ್ರ ಬಿಡ್ ಮಾಡಬಹುದು. ಅನುಭವಿ ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು ಅದರ ಗುಣವನ್ನು ಅಂದಾಜು ಮಾಡಬಲ್ಲರು. ಆ ಅಂದಾಜು ಎಷ್ಟು ಬಾರಿ ಸರಿಯಾಯಿತು, ಯಾವ ಋತುವಿನಲ್ಲಿ ತಪ್ಪಿತು ಎಂಬುದನ್ನು ಲಾಟುವಾರು ಬರೆದಿಟ್ಟ ಪುಸ್ತಕ ಮಾತ್ರ ಹೇಳಬಲ್ಲದು. ತಿಂಗಳ ಒಟ್ಟು ಖರೀದಿ ಮತ್ತು ಒಟ್ಟು ಮಾರಾಟವನ್ನಷ್ಟೇ ಬರೆದರೆ ಒಳ್ಳೆಯ ಲಾಟಿನ ಲಾಭದಲ್ಲಿ ಕೆಟ್ಟ ಲಾಟಿನ ನಷ್ಟ ಮುಚ್ಚಿಹೋಗುತ್ತದೆ.

ತೆರಿಗೆಯ ವಿಚಾರವೂ ಇಲ್ಲಿ ಅಸಲಿನ ಭಾಗವೇ. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಗೂಡು ಮತ್ತು ಕಚ್ಚಾ ರೇಷ್ಮೆ ವಿನಾಯಿತಿ ಪಟ್ಟಿಯಲ್ಲಿ ಸೇರಿದವು. ಇದು ಅನುಕೂಲವೆಂದು ತೋರಿದರೂ, ಮಾರುವ ಸರಕಿಗೆ ತೆರಿಗೆ ಇಲ್ಲದಿದ್ದಾಗ ಯಂತ್ರ ಮತ್ತು ಬಿಡಿಭಾಗಗಳ ಮೇಲೆ ಕೊಟ್ಟ ತೆರಿಗೆ ಹೂಡುವಳಿ ಜಮೆಯಾಗಿ ಹಿಂದಿರುಗುವುದಿಲ್ಲ. ಅದನ್ನು ಯಂತ್ರದ ಬೆಲೆಯಲ್ಲಿಯೇ ಸೇರಿಸಿ ನೋಡಬೇಕಾಗುತ್ತದೆ.

ದಾಸ್ತಾನು ಮತ್ತು 2011ರ ಪಾಠ

ವ್ಯಾಪಾರಿಯ ಪುಸ್ತಕದಲ್ಲಿಲ್ಲದ ಸಂಗತಿಯೂ ಅವನ ಲೆಕ್ಕವನ್ನು ಬದಲಿಸಬಹುದು. ಕೇಂದ್ರ ಸರ್ಕಾರ 2011-12ರ ಮುಂಗಡಪತ್ರದಲ್ಲಿ ಆಮದು ಕಚ್ಚಾ ರೇಷ್ಮೆಯ ಮೇಲಿನ ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿತು. ಗೂಡು ಮತ್ತು ನೂಲಿನ ದರಗಳು ಕುಸಿದು ರಾಜ್ಯದ ರೇಷ್ಮೆ ಬೆಳೆಗಾರರು ಬೀದಿಗಿಳಿದರು. 2013-14ರಲ್ಲಿ ಸುಂಕವನ್ನು ಮತ್ತೆ ಶೇ. 15ಕ್ಕೆ ಏರಿಸಲಾಯಿತು.

ಇಂತಹ ಸಂದರ್ಭದಲ್ಲಿ 100 ಕಿಲೋ ನೂಲಿನ ದಾಸ್ತಾನು ಇರುವ ರೀಲರೊಬ್ಬರ ಮುಂದೆ ಇರುವ ಪ್ರಶ್ನೆ, ಮಾರಬೇಕೇ ಕಾಯಬೇಕೇ ಎಂಬುದು. ಅಸಲು 3,950 ರೂ. ಆಗಿದ್ದು ಮಾರುಕಟ್ಟೆ ದರ 3,600 ರೂ.ಗೆ ಇಳಿದಿದ್ದರೆ, ಕಿಲೋಗೆ 350 ರೂ. ನಷ್ಟ ಆಗಿಹೋಗಿದೆ. ಲೆಕ್ಕಶಾಸ್ತ್ರದ ನಿಯಮದಂತೆ ದಾಸ್ತಾನನ್ನು ಅಸಲು ಅಥವಾ ಮಾರಿದರೆ ಕೈಗೆ ಬರುವ ಬೆಲೆ, ಈ ಎರಡರಲ್ಲಿ ಕಡಿಮೆಯದಕ್ಕೆ ಬರೆಯಬೇಕು. ಅಸಲು ಬರುವವರೆಗೆ ಮಾರುವುದಿಲ್ಲ ಎಂಬ ಹಟ ಸಹಜವಾದರೂ ಅದು ಲೆಕ್ಕವಲ್ಲ. ದಾಸ್ತಾನಿನಲ್ಲಿ ಸಿಕ್ಕಿಬಿದ್ದಿರುವ ಹಣ 3,60,000 ರೂ. ತಿಂಗಳಿಗೆ ಶೇ. 2ರ ಬಡ್ಡಿಯಂತೆ 7,200 ರೂ., ಅಂದರೆ ಕಿಲೋಗೆ 72 ರೂ. ಮುಂದಿನ ತಿಂಗಳು ದರ 72 ರೂ.ಗಿಂತ ಹೆಚ್ಚು ಏರುವ ಭರವಸೆ ಇದ್ದರೆ ಮಾತ್ರ ಕಾಯುವುದು ಲಾಭದಾಯಕ.

ಚನ್ನಪಟ್ಟಣ: ಗೊಂಬೆಯ ಅಸಲು ಎಷ್ಟು?

ಆಲೆ ಮರವನ್ನು ಲೇತ್ ಯಂತ್ರದಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿಯಿಂದ ಜಾರಿಯಾದಾಗ, ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೂ ವಿನಾಯಿತಿ ದೊರೆಯಿತು. ಹೀಗೆ ನೋಂದಣಿ ಮತ್ತು ದಾಖಲೆಗಳನ್ನು ಸರಿಯಾಗಿಟ್ಟುಕೊಂಡವರಿಗೆ ಅದೇ ಒಂದು ಬಂಡವಾಳವಾಗಿ ಪರಿಣಮಿಸಿತು.

ಇಲ್ಲಿನ ಸಣ್ಣ ಘಟಕಗಳ ದೊಡ್ಡ ಸಮಸ್ಯೆ ಸಗಟು ಬೇಡಿಕೆಯ ದರ ನಿಗದಿ. ಕಾಲ್ಪನಿಕ ಘಟಕವೊಂದರಲ್ಲಿ ಒಂದು ಗೊಂಬೆಗೆ ಮರ 12 ರೂ., ಅರಗು ಮತ್ತು ಬಣ್ಣ 5 ರೂ., ಕೂಲಿ 15 ರೂ., ವಿದ್ಯುತ್ ಮತ್ತು ಪ್ಯಾಕಿಂಗ್ 4 ರೂ., ಹೀಗೆ ನೇರ ವೆಚ್ಚ 36 ರೂ. ಆಗಲಿ. ಬಾಡಿಗೆ, ಯಂತ್ರದ ಸಾಲದ ಕಂತು ಮುಂತಾದ ಸ್ಥಿರ ವೆಚ್ಚ ತಿಂಗಳಿಗೆ 30,000 ರೂ. ತಿಂಗಳಿಗೆ 3,000 ಗೊಂಬೆಗಳಾದರೆ ತಲಾ 10 ರೂ. ಸೇರಿ ಪೂರ್ಣ ಅಸಲು 46 ರೂ. ಎಂದಿನ ಮಾರಾಟ ದರ 55 ರೂ. ಈಗ ಸಗಟು ವ್ಯಾಪಾರಿಯೊಬ್ಬ 1,000 ಗೊಂಬೆಗಳನ್ನು 42 ರೂ. ದರದಲ್ಲಿ ಕೇಳುತ್ತಾನೆ. ಒಪ್ಪಬೇಕೇ?

ಪೂರ್ಣ ಅಸಲಿನ ಪ್ರಕಾರ ಪ್ರತಿ ಗೊಂಬೆಗೆ 4 ರೂ. ನಷ್ಟ. ಆದರೆ ಯಂತ್ರ ಬಿಡುವಾಗಿದ್ದರೆ ಬಾಡಿಗೆ, ಕಂತುಗಳು ಹೇಗೂ ಕೊಡಬೇಕಾದವೇ. ನೇರ ವೆಚ್ಚ ಕಳೆದು ತಲಾ 6 ರೂ.ನಂತೆ 6,000 ರೂ. ಹೆಚ್ಚುವರಿಯಾಗಿ ಕೈಸೇರುತ್ತದೆ. ಯಂತ್ರ ಬಿಡುವಿಲ್ಲದೆ 55 ರೂ. ದರದ ಎಂದಿನ ಮಾರಾಟವನ್ನೇ ಬಿಟ್ಟುಕೊಡಬೇಕಾದರೆ ಪ್ರತಿ ಗೊಂಬೆಗೆ 13 ರೂ. ಕಳೆದುಕೊಂಡಂತೆ. ಮೂರನೆಯ ಪ್ರಶ್ನೆ ಹಣ ಯಾವಾಗ ಬರುತ್ತದೆ ಎಂಬುದು. 42,000 ರೂ. ಮೂರು ತಿಂಗಳು ಬಾಕಿ ನಿಂತರೆ ತಿಂಗಳಿಗೆ ಶೇ. 2ರಂತೆ 2,520 ರೂ. ಬಡ್ಡಿಗೆ ಹೋಗಿ, 6,000 ರೂ. ಲಾಭ 3,480 ರೂ.ಗೆ ಇಳಿಯುತ್ತದೆ. ಒಂದೇ ಬೇಡಿಕೆಗೆ ಮೂರು ಉತ್ತರಗಳು. ಅಸಲಿನ ವಿಂಗಡಣೆ, ಯಂತ್ರದ ಬಿಡುವಿನ ದಾಖಲೆ ಮತ್ತು ಬಾಕಿದಾರರ ಪಟ್ಟಿ, ಈ ಮೂರೂ ಇದ್ದವರಿಗೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ.

ಬಾಕಿಯ ವಿಚಾರದಲ್ಲಿ ಕಾನೂನಿನ ಬೆಂಬಲವೂ ಉಂಟು. ನೋಂದಾಯಿತ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಖರೀದಿದಾರರು ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆ ವಿಧಿಸುತ್ತದೆ. ಆದರೆ ಸರಕು ಒಪ್ಪಿಸಿದ ದಿನಾಂಕಕ್ಕೆ ಬಿಲ್ಲು ಮತ್ತು ಸ್ವೀಕೃತಿಯ ದಾಖಲೆ ಇಲ್ಲದವರಿಗೆ ಈ ಹಕ್ಕನ್ನು ಚಲಾಯಿಸುವುದು ಕಷ್ಟ.

ಹೆದ್ದಾರಿ ದಿಕ್ಕು ಬದಲಿಸಿದಾಗ

2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ವಾಹನಗಳು ರಾಮನಗರ, ಚನ್ನಪಟ್ಟಣ ಪಟ್ಟಣಗಳನ್ನು ಹೊರಗಿನಿಂದಲೇ ದಾಟಿ ಹೋಗತೊಡಗಿದವು. ಹಳೆಯ ರಸ್ತೆಯ ಬದಿಯ ಗೊಂಬೆ ಅಂಗಡಿಗಳೂ ಹೋಟೆಲುಗಳೂ ದಾರಿಹೋಕ ಗಿರಾಕಿಗಳನ್ನು ಕಳೆದುಕೊಂಡವು. ಅಂಗಡಿಯನ್ನು ಮುಂದುವರಿಸಬೇಕೇ, ಸ್ಥಳಾಂತರಿಸಬೇಕೇ, ಅಂತರ್ಜಾಲದ ಮಾರಾಟಕ್ಕೆ ಹೊರಳಬೇಕೇ ಎಂಬ ಪ್ರಶ್ನೆ ಅನೇಕರನ್ನು ಕಾಡಿತು.

ದಿನದ ಒಟ್ಟು ಗಲ್ಲಾ ಹಣವನ್ನಷ್ಟೇ ಬರೆದವರಿಗೆ ಇದಕ್ಕೆ ಉತ್ತರ ಸಿಗುವುದಿಲ್ಲ. ಅಂಗಡಿಯ ಬಿಡಿ ಮಾರಾಟ ಎಷ್ಟು, ಸಗಟು ಎಷ್ಟು, ಹೊರ ಊರಿನ ಬೇಡಿಕೆ ಎಷ್ಟು ಎಂದು ಬೇರೆ ಬೇರೆ ಖಾತೆಗಳಲ್ಲಿ ಬರೆದವರಿಗೆ ಪೆಟ್ಟು ಎಲ್ಲಿ ಬಿದ್ದಿದೆ ಎಂಬುದು ಕೆಲವೇ ವಾರಗಳಲ್ಲಿ ತಿಳಿಯುತ್ತದೆ. ಬಿಡಿ ಮಾರಾಟದ ಲಾಭ ಅಂಗಡಿಯ ಬಾಡಿಗೆಯನ್ನು ತುಂಬುತ್ತದೆಯೇ ಎಂದು ಅವರು ತಿಂಗಳು ತಿಂಗಳೂ ನೋಡಬಲ್ಲರು. ವರ್ಷದ ಕೊನೆಯಲ್ಲಿ ಬರುವ ಲೆಕ್ಕ ಹನ್ನೆರಡು ತಿಂಗಳ ಬಾಡಿಗೆ ಕೊಟ್ಟ ಮೇಲೆ ಅದೇ ಸಂಗತಿಯನ್ನು ಹೇಳುತ್ತದೆ.

ಕನಕಪುರ: ಡೇರಿಯ ದಿನದ ತಾಳೆ

ಹೈನುಗಾರಿಕೆಯಲ್ಲಿ ಮುಂಚೂಣಿಯಲ್ಲಿರುವ ಕನಕಪುರ ತಾಲ್ಲೂಕು ಬೆಂಗಳೂರು ಹಾಲು ಒಕ್ಕೂಟದ ವ್ಯಾಪ್ತಿಗೆ ಸೇರಿದೆ. ಹಳ್ಳಿಯ ಜನ ಡೇರಿ ಎಂದೇ ಕರೆಯುವ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ದಿನಕ್ಕೆರಡು ಬಾರಿ ಹಾಲು ಅಳೆಯಲಾಗುತ್ತದೆ. ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಪರೀಕ್ಷೆ ನಡೆದು ರೈತರಿಗೆ ಚೀಟಿ ಸಿಗುತ್ತದೆ. ಹಳ್ಳಿಯ ಮಟ್ಟಿಗೆ ಇದೊಂದು ಪೂರ್ಣ ಪ್ರಮಾಣದ ಲೆಕ್ಕಪತ್ರ ಮಾಹಿತಿ ವ್ಯವಸ್ಥೆ.

ಇಲ್ಲಿ ತಾಳೆ ನೋಡುವ ಹಂತವೇ ಮುಖ್ಯ. ಸ್ಥಳೀಯ ಮಾರಾಟವಿಲ್ಲದ ಒಂದು ದಿನ ಸಂಘವು ಸರಾಸರಿ ಶೇ. 4.1 ಜಿಡ್ಡಿನ 1,000 ಕಿಲೋ ಹಾಲನ್ನು ಕೊಂಡಿತೆನ್ನಿ. ಒಟ್ಟು ಜಿಡ್ಡು 41 ಕಿಲೋ. ಒಕ್ಕೂಟದ ದಾಖಲೆಯಲ್ಲಿ ಅದು ಶೇ. 4 ಜಿಡ್ಡಿನ 995 ಕಿಲೋ ಎಂದಾದರೆ ಒಟ್ಟು ಜಿಡ್ಡು 39.8 ಕಿಲೋ. ದಿನಕ್ಕೆ 1.2 ಕಿಲೋ ಕಣ್ಣಿಗೆ ಬೀಳದ ವ್ಯತ್ಯಾಸ. ತಿಂಗಳಿಗೆ 36 ಕಿಲೋ ಜಿಡ್ಡು. ತೂಕದ ಯಂತ್ರ ತಪ್ಪಿದೆಯೇ, ಪರೀಕ್ಷಾ ಯಂತ್ರ ತಪ್ಪಿದೆಯೇ, ಸಾಗಣೆಯಲ್ಲಿ ಸೋರಿಕೆಯಾಗಿದೆಯೇ ಎಂದು ಅಂದಂದೇ ಹುಡುಕಿದರೆ ಪತ್ತೆಯಾಗುತ್ತದೆ. ವರ್ಷಾಂತ್ಯದ ಲೆಕ್ಕ ಪರಿಶೋಧನೆಯವರೆಗೆ ಬಿಟ್ಟರೆ ನಷ್ಟ ಉಳಿಯುತ್ತದೆ, ಕಾರಣ ಮರೆಯಾಗುತ್ತದೆ. ಆ ನಷ್ಟ ಕೊನೆಗೆ ಸದಸ್ಯರ ಬೋನಸ್ಸಿನಿಂದಲೇ ಕಳೆಯುತ್ತದೆ.

ಮಾಗಡಿ: ಹೂವಿನಲ್ಲಿಯೇ ಮಾರುವುದೇ?

ಮಾಗಡಿಯೂ ಸೇರಿದಂತೆ ಈ ಜಿಲ್ಲೆ ಮಾವಿಗೆ ಹೆಸರುವಾಸಿ. ಹಲವು ಬೆಳೆಗಾರರು ಮರ ಹೂಬಿಟ್ಟಾಗಲೇ ತೋಟದ ಫಸಲನ್ನು ಗುತ್ತಿಗೆಗೆ ಕೊಡುತ್ತಾರೆ. ಮುಂಗಡ ಹಣ ಬರುತ್ತದೆ, ಮಳೆ-ಗಾಳಿಯ ಭಯ ಗುತ್ತಿಗೆದಾರನ ಪಾಲಾಗುತ್ತದೆ. ಪ್ರತಿಯಾಗಿ ಉತ್ತಮ ಫಸಲಿನ ಲಾಭವೂ ಅವನದೇ.

ಕೊಟ್ಟ ದರ ನ್ಯಾಯವೇ ಎಂದು ತಿಳಿಯಲು ಬೆಳೆಗಾರನಿಗೆ ತನ್ನ ತೋಟದ ಹಿಂದಿನ ವರ್ಷಗಳ ಇಳುವರಿ, ಔಷಧ ಸಿಂಪಡಣೆಯ ಖರ್ಚು, ಕೊಯ್ಲಿನ ಕೂಲಿ, ಸಾಗಣೆ ಮತ್ತು ಮಂಡಿಯ ದರಗಳ ದಾಖಲೆ ಬೇಕು. ಮಾವು ಒಂದು ವರ್ಷ ಹೆಚ್ಚು, ಮರುವರ್ಷ ಕಡಿಮೆ ಬಿಡುವ ಬೆಳೆಯಾದ್ದರಿಂದ ಒಂದೇ ವರ್ಷದ ಅಂಕಿ ದಾರಿ ತಪ್ಪಿಸುತ್ತದೆ. ಎರಡರ ಜೋಡಿಯಲ್ಲಿ ಕನಿಷ್ಠ ನಾಲ್ಕು ವರ್ಷಗಳ ಸರಾಸರಿ ನೋಡುವುದು ಲೇಸು. ಅಚ್ಚರಿಯೆಂದರೆ ಗುತ್ತಿಗೆದಾರನ ಬಳಿ ಆ ತೋಟದ ಹಳೆಯ ಲೆಕ್ಕ ಇರುತ್ತದೆ, ತೋಟದ ಒಡೆಯನ ಬಳಿ ಅನೇಕ ವೇಳೆ ಇರುವುದಿಲ್ಲ. ಚೌಕಾಸಿಯಲ್ಲಿ ಯಾರ ಮಾತು ಗೆಲ್ಲುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ವ್ಯವಸ್ಥೆಯ ಮಿತಿಗಳು

ಗಣಕಯಂತ್ರ ತಂದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ. ತಪ್ಪು ತೂಕವನ್ನು ಯಂತ್ರವೂ ತಪ್ಪಾಗಿಯೇ ಕೂಡುತ್ತದೆ. ಮನೆಯ ಖರ್ಚು ಮತ್ತು ವ್ಯಾಪಾರದ ಖರ್ಚು ಒಂದೇ ಗಲ್ಲಾದಿಂದ ಹೋಗುವಲ್ಲಿ ಯಾವ ತಂತ್ರಾಂಶವೂ ಲಾಭವನ್ನು ತೋರಿಸಲಾರದು. ಇನ್ನೊಂದು ಗಂಭೀರ ಲೋಪವೆಂದರೆ ಮನೆಮಂದಿಯ ದುಡಿಮೆಯನ್ನು ಬರೆಯದಿರುವುದು. ರೇಷ್ಮೆ ನೂಲು ತೆಗೆಯುವ, ಗೊಂಬೆಗೆ ಬಣ್ಣ ಹಚ್ಚುವ, ಹಸು ಸಾಕುವ ಕೆಲಸದಲ್ಲಿ ಮನೆಯ ಹೆಂಗಸರ ದುಡಿಮೆ ದೊಡ್ಡದು. ಅದಕ್ಕೆ ಕೂಲಿ ಕಟ್ಟದಿದ್ದರೆ ಅಸಲು ಕಡಿಮೆ ಕಾಣುತ್ತದೆ, ಕಡಿಮೆ ದರಕ್ಕೆ ಮಾರಾಟವಾಗುತ್ತದೆ. ಲಾಭವೆಂದು ತೋರುವುದು ವಾಸ್ತವದಲ್ಲಿ ಅವರ ಕೊಡದ ಕೂಲಿಯೇ ಆಗಿರುತ್ತದೆ.

ಆರಂಭ ಹೇಗೆ?

ಸಣ್ಣ ಉದ್ದಿಮೆಗಳು ದುಬಾರಿ ತಂತ್ರಾಂಶದಿಂದ ಆರಂಭಿಸಬೇಕಿಲ್ಲ. ತಾವು ಪದೇ ಪದೇ ಮಾಡುವ ಒಂದು ನಿರ್ಧಾರ ಯಾವುದೆಂದು ಮೊದಲು ಗುರುತಿಸಬೇಕು. ರೀಲರಿಗೆ ಅದು ಬಿಡ್ ದರ, ಗೊಂಬೆ ತಯಾರಕರಿಗೆ ಸಗಟು ದರ, ಸಂಘಕ್ಕೆ ಜಿಡ್ಡಿನ ತಾಳೆ, ಮಾವು ಬೆಳೆಗಾರರಿಗೆ ಗುತ್ತಿಗೆಯ ಮೊತ್ತ. ಆ ನಿರ್ಧಾರಕ್ಕೆ ಬೇಕಾದ ಮೂರು-ನಾಲ್ಕು ಅಂಕಿಗಳನ್ನು ಮಾತ್ರ ದಿನವೂ ಬರೆಯಬೇಕು. ತೂಗುವವರು ಒಬ್ಬರು, ಬರೆಯುವವರು ಇನ್ನೊಬ್ಬರು ಆಗಿದ್ದರೆ ಉತ್ತಮ. ವಾರಕ್ಕೊಮ್ಮೆ ನಗದು, ಬ್ಯಾಂಕು ಮತ್ತು ದಾಸ್ತಾನನ್ನು ಪುಸ್ತಕದೊಂದಿಗೆ ತಾಳೆ ನೋಡಬೇಕು. ಬಾಕಿದಾರರನ್ನು 30, 45 ಮತ್ತು 90 ದಿನಗಳ ಮೂರು ಸಾಲಿನಲ್ಲಿ ವಿಂಗಡಿಸಿಡಬೇಕು. ಈ ಅಭ್ಯಾಸ ಬೇರೂರಿದ ಮೇಲೆ ತಂತ್ರಾಂಶ ಅಳವಡಿಸಿದರೆ ಅದು ನಿಜವಾಗಿ ನೆರವಾಗುತ್ತದೆ.

ಗೂಡಿನ ದರವನ್ನು ಮಾರುಕಟ್ಟೆ ನಿರ್ಧರಿಸುತ್ತದೆ, ಸುಂಕವನ್ನು ದೆಹಲಿ ನಿರ್ಧರಿಸುತ್ತದೆ, ಹೆದ್ದಾರಿಯ ದಾರಿಯನ್ನು ಪ್ರಾಧಿಕಾರ ನಿರ್ಧರಿಸುತ್ತದೆ. ಇವುಗಳಲ್ಲಿ ಯಾವುದೂ ಸಣ್ಣ ವ್ಯಾಪಾರಿಯ ಹಿಡಿತದಲ್ಲಿಲ್ಲ. ತನ್ನ ಅಸಲು ಎಷ್ಟೆಂದು ಹರಾಜಿಗೆ ಹೊರಡುವ ಮುನ್ನವೇ ತಿಳಿದಿರುವುದು ಮಾತ್ರ ಸಂಪೂರ್ಣವಾಗಿ ಅವನ ಕೈಯಲ್ಲಿದೆ.